ಲವಿನಾಳ ಮದುವೆಗೆ ನೇರಳೆ ವೈನು

"ನಮ್ಮ ಮನ್ಯಾಗ ಇದು ಎಂದೂ ಆಗೂದಿಲ್ಲ" ಅಂದವಳು ನಮ್ಮವ್ವ. ಮುಂಬೈ ಹತ್ತಿರದ ಠಾಕುರ್ಲಿಯ ಚಾಳಿನಲ್ಲಿ ನಮ್ಮ ಖೋಲಿಯ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತಿದ್ದಳು. ನಾನು ಹೊರಗೆ, ಹೆಗಲ ಮೇಲೆ ದೊಡ್ಡದೊಂದು ಪಿಂಗಾಣಿ ಬರಣಿ ಹೊತ್ತುಕೊಂಡು, ಬೆವರು ಒರೆಸಿಕೊಳ್ಳಲು ಕೈ ಖಾಲಿ ಇಲ್ಲದೆ ನಿಂತಿದ್ದೆ. ಮೊದಲನೆಯದಾಗಿ ತಾನು ಬಿಡೂದಿಲ್ಲ, ಬಿಟ್ಟರೂ ನಿನ್ನ ಕೈಯಿಂದ ಆಗೂದಿಲ್ಲ, ಆದರೂ ಅದನ್ನ ಯಾರೂ ಬಾಯಿಗೆ ಹಚ್ಚೂದಿಲ್ಲ ಅಂತ ಬಿಡಿಸಿ ಬಿಡಿಸಿ ಹೇಳಿದಳು. ಸೆರೆ ಮಾಡೋ ಮನೆತನ ನಮ್ಮದಲ್ಲ ಅಂತಲೂ ಸೇರಿಸಿದಳು. ಅಕ್ಕಪಕ್ಕದ ಖೋಲಿಯವರು ಹೊರಗೆ ಬಂದು ನೋಡುತ್ತಿದ್ದರು. ಅವ್ವನ ಕನ್ನಡ ಅವರಿಗೆ ಅರ್ಥವಾಗುತ್ತಿರಲಿಲ್ಲ, ಅದೊಂದು ಪುಣ್ಯ.

ಇದೆಲ್ಲ ನೆನಪಾದದ್ದು ಕಳೆದ ಜೂನಿನಲ್ಲಿ. ನಾನೀಗ ಇರುವುದು ನೆರೂಳದಲ್ಲಿ, ಕಲ್ಯಾಣದ ಆಚೆ ಹೋಗುವುದು ಅಪರೂಪ. ಅವತ್ತು ಕೆಲಸದ ಮೇಲೆ ಅಂಬರನಾಥಕ್ಕೆ ಹೋಗಿ ವಾಪಸ್ ಬರುವಾಗ ಮೊದಲ ಮಳೆ ಬಿದ್ದು ಪ್ಲಾಟ್‌ಫಾರ್ಮು ಒದ್ದೆಯಾಗಿತ್ತು. ಬದಲಾಪುರದ ಕಡೆಯ ಹೆಂಗಸೊಬ್ಬಳು ಬುಟ್ಟಿ ಇಳಿಸಿ ಮೇಲೆ ಮುಚ್ಚಿದ್ದ ಎಲೆ ಸರಿಸಿದಳು. ನೇರಳೆ ಹಣ್ಣು. ತಳದಲ್ಲಿ ಕೆಲವು ಅಪ್ಪಚ್ಚಿಯಾಗಿ ರಸ ಬಿಟ್ಟಿದ್ದವು. ಒಗರು, ಸಿಹಿ, ಇನ್ನೇನು ಹುಳಿಯಾಗಲು ಹೊರಟ ವಾಸನೆ ಮೂಗಿಗೆ ಬಡಿಯಿತು. ಲೋಕಲ್ಲು ಬಂತು, ನಿಂತಿತು, ಹೋಯಿತು. ನಾನು ಹತ್ತಲಿಲ್ಲ.

ನಮ್ಮದು ವಿಜಾಪುರದ ಕಡೆ, ತಿಕೋಟಾ ಹತ್ತಿರದ ಹಳ್ಳಿ. ಅಪ್ಪ ಕಲ್ಯಾಣದ ಹಣ್ಣಿನ ಮಾರ್ಕೆಟ್ಟಿನಲ್ಲಿ ಹಮಾಲ. ಲಾರಿಯಿಂದ ಕ್ರೇಟು ಇಳಿಸುವುದು, ವ್ಯಾಪಾರಿಗಳ ಗಾಳೆಗೆ, ಅಂದರೆ ಮಳಿಗೆಗೆ, ಹೊರುವುದು. ಅವ್ವ ಮದುವೆಗೆ ಮುಂಚೆ ಊರಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಆರಿಸುವ ಕೆಲಸ ಮಾಡಿದವಳು. ನಮ್ಮ ಎರಡೂ ಕಡೆಯ ಬಳಗದಲ್ಲಿ ಡಿಗ್ರಿ ಅಂತ ಮೊದಲು ತಂದವನು ನಾನು. ಕೆಮಿಸ್ಟ್ರಿ ಬಿ.ಎಸ್ಸಿ. ಬೆಳಿಗ್ಗೆ ಪೇಪರ್ ಹಾಕಿ, ಮಧ್ಯಾಹ್ನ ಕಾಲೇಜು, ಸಂಜೆ ಗೋದಾಮಿನಲ್ಲಿ ಮಾಲು ಎಣಿಸಿ ಬರೆದುಕೊಳ್ಳುವ ಕೆಲಸ. ಕೊನೆಯ ವರ್ಷದ ಒಂದು ಪೇಪರು ಎರಡು ಸಲ ಬರೆದೆ. ಸೆಕೆಂಡ್ ಕ್ಲಾಸ್. ಇದನ್ನು ತಲೆ ತಗ್ಗಿಸಿ ಹೇಳುವವನಲ್ಲ ನಾನು. ಓದುವುದಕ್ಕೆ ನಮ್ಮ ಖೋಲಿಯಲ್ಲಿ ಜಾಗವೇ ಇರಲಿಲ್ಲ, ಚಾಳಿನ ಜಿನೆಯ ಮೆಟ್ಟಿಲ ಮೇಲೆ ಕೂತು ಪಾಸಾದವನು.

ಡಿಗ್ರಿ ಮೇಲೆ ಅಂಬರನಾಥದ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಬಟ್ಟೆಗೆ ಹಾಕುವ ಬಣ್ಣ ತಯಾರಿಸುವ ಒಂದು ಸಣ್ಣ ಕಂಪನಿಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಆ ಅರ್ಜಿಯಲ್ಲಿ ಹವ್ಯಾಸ ಅಂತ ಒಂದು ಖಾನೆ ಇತ್ತು. ಅಲ್ಲಿ ಏನು ಬರೆಯಬೇಕು ಅಂತ ಬಹಳ ಹೊತ್ತು ಯೋಚಿಸಿ 'ವಾಚನ' ಅಂತ ಬರೆದೆ. ನಾನು ವಾಚಿಸಿದ್ದು ಹಳೇ ಪ್ರಶ್ನೆಪತ್ರಿಕೆಗಳನ್ನು ಮಾತ್ರ. ಸಂಬಳ ಬಾರದ, ಮಾರ್ಕು ಬೀಳದ ಕೆಲಸವನ್ನು ಸುಮ್ಮನೆ ಖುಷಿಗೆ ಯಾರಾದರೂ ಮಾಡುತ್ತಾರೆ ಅನ್ನುವುದೇ ನಮ್ಮ ಮನೆಗೆ ಹೊಸದು.

ಲ್ಯಾಬಿನಲ್ಲಿ ನನ್ನ ಜೊತೆಗಾರ ವಿನ್ಸೆಂಟ್. ಉಡುಪಿ ಕಡೆಯ ಕ್ರಿಶ್ಚಿಯನ್ನರು, ಡೊಂಬಿವಿಲಿಯಲ್ಲಿ ಮನೆ. ಎರಡು ಸಾವಿರದ ಒಂಬತ್ತನೇ ಇಸವಿ ಇರಬೇಕು, ಮಾರ್ಚ್ ಕೊನೆಯಲ್ಲಿ ಒಂದು ದಿನ ಊಟದ ಡಬ್ಬಿ ಬಿಚ್ಚಿ ಕೂತಾಗ ಅವನು ಸಪ್ಪಗಿದ್ದ. ತಂಗಿ ಲವಿನಾಳ ಮದುವೆ ಡಿಸೆಂಬರಿಗೆ ಗೊತ್ತಾಗಿತ್ತು. ಅವರಲ್ಲಿ ಮದುವೆಯ ಊಟಕ್ಕೆ ಮುಂಚೆ ಹಿರಿಯರೊಬ್ಬರು ಗಂಡುಹೆಣ್ಣಿನ ಬಗ್ಗೆ ನಾಲ್ಕು ಮಾತಾಡಿ, ಎಲ್ಲರೂ ಎದ್ದು ನಿಂತು ಗ್ಲಾಸು ಎತ್ತುತ್ತಾರೆ. ಟೋಸ್ಟ್ ಅನ್ನುತ್ತಾರೆ. ವಿನ್ಸೆಂಟನ ಮನೆಯಲ್ಲಿ ಆ ಗ್ಲಾಸಿಗೆ ಹೆಣ್ಣಿನ ತಾಯಿ ಮನೆಯಲ್ಲೇ ಮಾಡಿದ ವೈನೇ ಬೀಳಬೇಕು. ಅಜ್ಜಿಯ ಕಾಲದಿಂದ ನಡೆದದ್ದು ಹಾಗೆ. ಈ ಸಲ ತಾಯಿ ಸಿಂತಿಯಾಬಾಯಿಗೆ ಮೊಣಕಾಲಿನ ಆಪರೇಷನ್ ಆಗಿ, ಅಡುಗೆಮನೆಯಲ್ಲಿ ನಿಲ್ಲಬಾರದು, ಭಾರ ಎತ್ತಬಾರದು ಅಂತ ಡಾಕ್ಟರು ಹೇಳಿದ್ದರು. ಲವಿನಾ ನೆರೂಳದ ಶಾಲೆಯೊಂದರಲ್ಲಿ ಟೀಚರು, ಬೆಳಕು ಹರಿಯುವ ಮೊದಲು ಮನೆ ಬಿಟ್ಟರೆ ಸಂಜೆಯೇ ಬರುವುದು. ವಿನ್ಸೆಂಟನಿಗೆ ಚಹಾ ಸಹ ಮಾಡಲು ಬರುತ್ತಿರಲಿಲ್ಲ.

ನಾನು ರೊಟ್ಟಿ ಮುರಿಯುತ್ತ ಅದರಲ್ಲೇನಿದೆ ಅಂದುಬಿಟ್ಟೆ. ಸಕ್ಕರೆ, ಯೀಸ್ಟು, ಕಾಯುವುದು. ಎರಡನೇ ವರ್ಷದ ಪಾಠ. ನಾನು ಮಾಡಿಕೊಡುತ್ತೇನೆ ಅಂದೆ.

ವಿನ್ಸೆಂಟ್ ನನ್ನನ್ನೇ ನೋಡಿದ. ನೀನು ಜನ್ಮದಲ್ಲಿ ಒಂದು ಗುಟುಕು ಕುಡಿದವನಲ್ಲ, ಆಗಿದೆಯೋ ಇಲ್ಲವೋ ನಿನಗೆ ಹೇಗೆ ಗೊತ್ತಾಗುತ್ತದೆ ಮಾರಾಯ ಅಂದ. ನ್ಯಾಯವಾದ ಪ್ರಶ್ನೆ. ಆದರೆ ನನಗೆ ಬಿ.ಎಸ್ಸಿಯ ಹಮ್ಮು.

ಮರುದಿನ ಸಂಜೆ ಅವರ ಮನೆಗೆ ಹೋದೆವು. ಸಿಂತಿಯಾಬಾಯಿ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ಕೂತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಮನೆಯಲ್ಲಿ ಯಾರ್ಯಾರಿದ್ದಾರೆ, ಅಡುಗೆಗೆ ಯಾರು ನಿಲ್ಲುತ್ತಾರೆ, ಕೈ ತೊಳೆಯುವ ಅಭ್ಯಾಸ ಉಂಟಾ ಅಂತ ವಧು ಪರೀಕ್ಷೆ ಮಾಡಿದ ಹಾಗೆ ಕೇಳಿದರು. ಆಮೇಲೆ ಹೇಳಿಕೊಟ್ಟರು. ಹಣ್ಣು ಒರೆಸಬೇಕು, ಹಿಚುಕಬೇಕು, ಕಾಯಿಸಿ ಆರಿಸಿದ ನೀರು, ಸಕ್ಕರೆ, ಒಂದು ಮುಷ್ಟಿ ಗೋಧಿ, ಒಂದು ಮುಷ್ಟಿ ಒಣದ್ರಾಕ್ಷಿ, ಸ್ವಲ್ಪ ಯೀಸ್ಟು. ದಿನಾ ಮರದ ಸೌಟಿನಲ್ಲಿ ತಿರುಗಿಸಬೇಕು. ಸೋಸಿದ ಮೇಲೆ ಅಲುಗಿಸದೆ ಇಡಬೇಕು. ಊರಿನಿಂದ ಬಂದ ಬರಣಿಯನ್ನು ಮಂಚದ ಕೆಳಗಿಂದ ತೆಗೆಸಿ ಕೊಟ್ಟರು. ಒಂದು ಷರತ್ತು ಹಾಕಿದರು. "ಆಯ್ತು ಅಂತ ನಾನು ಹೇಳ್ಬೇಕು ಪುತಾ. ನಾನು ರುಚಿ ನೋಡಿ ಹ್ಞೂಂ ಅಂದ್ರೆ ಮಾತ್ರ ಮದುವೆಗೆ. ಇಲ್ಲದಿದ್ರೆ ಅಂಗಡಿದ್ದು ತರುವುದು, ನೀನು ಬೇಜಾರು ಮಾಡುವ ಹಾಗಿಲ್ಲ."

ಆ ಬರಣಿಯನ್ನೇ ಹೊತ್ತುಕೊಂಡು ನಾನು ನಮ್ಮ ಬಾಗಿಲಲ್ಲಿ ನಿಂತದ್ದು. ಅವ್ವ ಬಿಡಲಿಲ್ಲ. ನಮ್ಮ ದೇವರ ಜಗಲಿ ಎದುರಿಗೆ ಲಿಂಗಪೂಜೆ ಆಗುತ್ತದೆ, ಅಲ್ಲಿ ಇದು ಕೂಡದು ಅಂದಳು. ಪೊಲೀಸರು ಬಂದರೆ ಅಂದಳು. ನಿನಗೆ ಕಲಿಸಿದ್ದು ಇದಕ್ಕೇನು ಅಂದಳು. ಆ ಹೊತ್ತಿಗೆ ಸರಿಯಾಗಿ ಅಪ್ಪ ಮಾರ್ಕೆಟ್ಟಿನಿಂದ ಬಂದ. ನಾನು ಬೆಳಿಗ್ಗೆಯೇ ಹೇಳಿಟ್ಟಿದ್ದೆ. ತಲೆಯ ಮೇಲೆ ಕ್ರೇಟು, ಅದರ ತುಂಬ ಗೊಂಚಲಿನಿಂದ ಉದುರಿದ ಕರಿ ದ್ರಾಕ್ಷಿ. ಬಿಡಿ ದ್ರಾಕ್ಷಿಯನ್ನು ವ್ಯಾಪಾರಿಗಳು ಸಂಜೆಗೆ ಸಿಕ್ಕ ರೇಟಿಗೆ ಕೊಟ್ಟುಬಿಡುತ್ತಾರೆ.

ಅಪ್ಪ ಮಾತು ಕಡಿಮೆ ಮನುಷ್ಯ. "ದಾರಿ ಬಿಡು, ತಲಿ ಮ್ಯಾಲ ಭಾರ ಐತಿ" ಅಂದ.

ಭಾರ ಹೊತ್ತವನ ದಾರಿ ತಡೆಯಬಾರದು ಅನ್ನುವುದು ಹಮಾಲರ ಮನೆಯಲ್ಲಿ ಕಾಯಿದೆ. ಜಗಳ ಏನಿದ್ದರೂ ಇಳಿಸಿದ ಮೇಲೆ. ಅವ್ವ ಕೈ ತೆಗೆದಳು. ಅಪ್ಪ ಒಳಗೆ ಹೋದ, ಅವನ ಹಿಂದೆ ಬರಣಿ ಹೊತ್ತು ನಾನೂ ಹೋದೆ. ಇಳಿಸಿದ ಮೇಲೆ ಜಗಳ ಆಯಿತು, ಆದರೆ ಅಷ್ಟರಲ್ಲಿ ಬರಣಿ ಒಳಗಿತ್ತು. ಪಾತ್ರೆ ತೊಳೆಯುವ ಮೋರಿಯ ಪಕ್ಕದ ಮೂಲೆಯಲ್ಲಿ, ದೇವರಿಗೆ ಕಾಣದಂತೆ ಹಳೇ ಸೀರೆ ಪರದೆ ಕಟ್ಟಿ ಇಡಬೇಕು ಅಂತ ಒಪ್ಪಂದವಾಯಿತು. ವೈನು ಅನ್ನುವ ಪದ ಮನೆಯಲ್ಲಿ ಆಡಕೂಡದು ಅಂತಲೂ ಆಯಿತು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಆ ತಪ್ಪು ವಿಜಾಪುರದ ಕಡೆಯವರೇ ಮಾಡಬೇಕು, ಬೇರೆಯವರಿಂದ ಆಗುವಂಥದ್ದಲ್ಲ. ಅವ್ವನ ತಂಗಿ ಕಸ್ತೂರಿ, ನಮ್ಮ ಚಿಗವ್ವ, ಈಗಲೂ ಒಣದ್ರಾಕ್ಷಿ ಶೆಡ್ಡಿನಲ್ಲೇ ಕೆಲಸ ಮಾಡುತ್ತಿದ್ದಳು. ವರ್ಷಕ್ಕೊಮ್ಮೆ ಊರಿಂದ ಬರುವವರ ಕೈಯಲ್ಲಿ ನಮಗೆ ಒಂದು ಚೀಲ ಕಳಿಸುತ್ತಿದ್ದಳು. ಅಂಗಡಿಯಲ್ಲಿ ಸಿಗುವ ಕಂದು ಬಣ್ಣದ ಮುದುಡಿದ ಮಾಲಲ್ಲ. ಬಂಗಾರದ ಬಣ್ಣ, ಒಂದೊಂದೂ ಉದ್ದಕ್ಕೆ, ಬೆಳಕಿಗೆ ಹಿಡಿದರೆ ಆರಪಾರ ಕಾಣುವಂಥದ್ದು. ಶೆಡ್ಡಿನ ಮೊದಲ ನಂಬರಿನ ಮಾಲನ್ನೇ ಅಕ್ಕನ ಮನೆಗೆ ಎತ್ತಿಡುತ್ತಿದ್ದಳು. ಸಿಂತಿಯಾಬಾಯಿ ಒಂದು ಮುಷ್ಟಿ ಅಂದಿದ್ದರು. ನಾನು ಅಂದುಕೊಂಡೆ, ಪಾಪ, ಅವರಿಗೆ ಅಂಗಡಿ ಮಾಲು ಗೊತ್ತು, ನಮ್ಮೂರಿನದು ಗೊತ್ತಿಲ್ಲ. ಮದುವೆಯ ವೈನು, ನಮ್ಮ ಕಡೆಯಿಂದ ಒಂದು ಮರ್ಯಾದೆ ಇರಲಿ. ಇಡೀ ಚೀಲ ಸುರುವಿದೆ.

ಏನೂ ಆಗಲಿಲ್ಲ. ಬೆಳಿಗ್ಗೆ ತಿರುಗಿಸಿದೆ, ಸಂಜೆ ತಿರುಗಿಸಿದೆ, ಬರಣಿಗೆ ಕಿವಿ ಹಚ್ಚಿ ಕೂತೆ. ಒಂದು ಗುಳ್ಳೆ ಇಲ್ಲ. ಯೀಸ್ಟು ಸತ್ತಿರಬೇಕು ಅಂತ ಹೊಸದು ಹಾಕಿದೆ. ವಿನ್ಸೆಂಟ್ ಡೊಂಬಿವಿಲಿಯ ಬೇಕರಿಯವನಿಂದ ತಾಜಾ ಯೀಸ್ಟು ತಂದುಕೊಟ್ಟ, ಅದನ್ನೂ ಹಾಕಿದೆ. ಬರಣಿಗೆ ಕಂಬಳಿ ಸುತ್ತಿದೆ. ಹೊರಗೆ ಏಪ್ರಿಲ್ ತಿಂಗಳ ಧಗೆ, ಖೋಲಿಯೊಳಗೆ ನಾವು ಬೇಯುತ್ತಿದ್ದೆವು, ಬರಣಿ ಮಾತ್ರ ತಣ್ಣಗೆ ಕೂತಿತ್ತು. ಸಕ್ಕರೆ ವಾಸನೆಗೆ ಚಾಳಿನ ಇರುವೆಗಳೆಲ್ಲ ನಮ್ಮ ಮನೆಗೆ ದಾರಿ ಹಿಡಿದವು. ಅವ್ವ ಕಸ ಗುಡಿಸುವಾಗ ಇರುವೆ ಗುಡಿಸುತ್ತ ಸುಮ್ಮನೆ ನನ್ನ ಕಡೆ ನೋಡುತ್ತಿದ್ದಳು, ಅದೇ ಸಾಕಾಗಿತ್ತು.

ಒಂದು ಭಾನುವಾರ ಬರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಆಳವಾಗಿ ಮೂಸಿದಾಗ ಹಣ್ಣಿನ ವಾಸನೆಯ ಕೆಳಗೆ ಇನ್ನೊಂದು ಸಿಕ್ಕಿತು. ಕಡ್ಡಿ ಗೀರಿದ ಕೂಡಲೇ ಗಂಟಲಿಗೆ ಹತ್ತುವ ಘಾಟು. ಈ ಘಾಟು ನನಗೆ ಗೊತ್ತು. ಕಾಲೇಜಿನ ಲ್ಯಾಬಿನಲ್ಲಿ ಇದನ್ನು ಕುಡಿದು ಕೆಮ್ಮಿದವನು. ಗಂಧಕದ ಹೊಗೆ. ಬರಣಿಗೆ ಗಂಧಕ ಎಲ್ಲಿಂದ ಬರಬೇಕು? ಅವ್ವ ಮೊದಲೇ ಡಬ್ಬಿಗೆ ತೆಗೆದಿಟ್ಟಿದ್ದ ಚಿಗವ್ವನ ಒಣದ್ರಾಕ್ಷಿ ನಾಲ್ಕು ನೆನೆಹಾಕಿದೆ. ಇನ್ನೊಂದು ಬಟ್ಟಲಲ್ಲಿ ಅಂಗಡಿಯ ಕಂದು ದ್ರಾಕ್ಷಿ. ಮೆಡಿಕಲ್ಲಿನಿಂದ ಗಾಯಕ್ಕೆ ಹಚ್ಚುವ ಅಯೋಡಿನ್ ತಂದು ಎರಡಕ್ಕೂ ತೊಟ್ಟು ತೊಟ್ಟು ಬಿಟ್ಟೆ. ಅಂಗಡಿ ದ್ರಾಕ್ಷಿಯ ನೀರಲ್ಲಿ ಕಂದು ಬಣ್ಣ ಹಾಗೇ ನಿಂತಿತು. ನಮ್ಮೂರ ದ್ರಾಕ್ಷಿಯ ನೀರಲ್ಲಿ ಬಿದ್ದ ಬಣ್ಣ ಬಿದ್ದಲ್ಲೇ ಮಾಯವಾಯಿತು. ಮತ್ತೊಂದು ತೊಟ್ಟು, ಅದೂ ಮಾಯ. ಗಂಧಕದ ಅಂಶ ಇದ್ದಲ್ಲಿ ಅಯೋಡಿನ್ನಿನ ಬಣ್ಣ ನಿಲ್ಲುವುದಿಲ್ಲ ಅಂತ ಮೆಟ್ಟಿಲ ಮೇಲೆ ಕೂತು ಓದಿದ್ದು ಖೋಲಿಯ ನೆಲದ ಮೇಲೆ, ಎರಡು ಬಟ್ಟಲಲ್ಲಿ, ಕಣ್ಣೆದುರು ನಿಜವಾಗಿತ್ತು. ಬರಣಿ ಹಾಳಾದ ದುಃಖಕ್ಕಿಂತ ಅದರ ಖುಷಿಯೇ ಹೆಚ್ಚಾಗಿ ನಾನು ನಕ್ಕುಬಿಟ್ಟೆ. ಬಂಗಾರದ ಬಣ್ಣ ಉಳಿಯಲಿ ಅಂತ ಗಂಧಕದ ಹೊಗೆ ಕೊಟ್ಟಿದ್ದರು. ಒಂದು ಮುಷ್ಟಿ ಹಾಕಿದ್ದರೆ ಏನೂ ಆಗುತ್ತಿರಲಿಲ್ಲ. ನಾನು ಚೀಲ ಹಾಕಿ ಯೀಸ್ಟನ್ನೆಲ್ಲ ಕೊಂದಿದ್ದೆ.

ಅವ್ವನಿಗೆ ಹೇಳಿದೆ. ನಗಲಿಲ್ಲ. ಮುಖ ಕೆಂಪಗಾಯಿತು. ತವರಿನ ಮಾಲಿಗೆ ಹೆಸರಿಡಬ್ಯಾಡ ಅಂದಳು. ನಿನ್ನ ಕೈಲಾಗಲಿಲ್ಲ ಅಂದರೆ ಆಗಲಿಲ್ಲ ಅನ್ನು, ನನ್ನ ತಂಗಿ ಏನು ಮಾಡ್ಯಾಳ ಅಂದಳು. ಬಟ್ಟಲು ತೋರಿಸಿದೆ, ನೋಡಲಿಲ್ಲ. ಕೊನೆಗೆ ನನ್ನ ಮೊಬೈಲು ಇಸಕೊಂಡು ಚಿಗವ್ವನಿಗೆ ಹಚ್ಚು ಅಂದಳು, ಅವಳ ಬಾಯಿಂದಲೇ ಕೇಳಿಸುತ್ತೇನೆ ಅಂತ.

ಚಿಗವ್ವ ಆ ಕಡೆಯಿಂದ ಖುಷಿಯಲ್ಲಿ ಕೂಗಿ ಮಾತಾಡಿದಳು. ಹೊಗೆ ಕೊಡದೆ ಇರುತ್ತೇವೇನು, ಅಕ್ಕನ ಮನೆಗೆ ಅಂತ ಈ ಸಲ ನಿಂತು ಎರಡು ಪಟ್ಟು ಕೊಡಿಸೀನಿ, ಬಣ್ಣ ನೋಡಿದಿಲ್ಲೋ, ಕರೇದು ಕಳಿಸಿ ನಿಮ್ಮ ಮರ್ಯಾದೆ ಕಳೀತೀನೇನು ಅಂದಳು. ಅವ್ವ ಹ್ಞೂಂ, ಹ್ಞೂಂ ಅನ್ನುತ್ತ ಮೆಲ್ಲಗೆ ಗೋಡೆಗೆ ಒರಗಿದಳು. ಅಪ್ಪನೂ ನಾನೂ ಬರಣಿ ಎತ್ತಿ ಗಟಾರಕ್ಕೆ ಸುರಿಯುವಾಗ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಆಮೇಲೆ ಕೇಳಿದಳು: "ಆ ಸಿಂತಿಯಾಬಾಯಿಗೆ ಏನಂತ ಹೇಳ್ತಿ?"

ನಾನೊಬ್ಬನೇ ಹೋಗಿ ಹೇಳಿಬರುತ್ತೇನೆ ಅಂದರೆ ಕೇಳಲಿಲ್ಲ. ಇಳಕಲ್ಲ ಸೀರೆ ಉಟ್ಟು, ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಡೊಂಬಿವಿಲಿಗೆ ಬಂದಳು. ಸಿಂತಿಯಾಬಾಯಿಯ ಎದುರು ಕುರ್ಚಿಯ ತುದಿಯಲ್ಲಿ ಕೂತು ನೇರವಾಗಿ ಹೇಳಿದಳು, ನಿಮ್ಮ ಬರಣಿ ಚಲೋ ಐತ್ರಿ, ನನ್ನ ಮಗನೂ ಬರೋಬ್ಬರಿ ಮಾಡ್ಯಾನ, ಕೆಡಿಸಿದ್ದು ನನ್ನ ತವರಿನ ಮಣೂಕ. ಮಣೂಕ ಅಂದರೆ ಒಣದ್ರಾಕ್ಷಿ ಅಂತ ನಾನು ಬಿಡಿಸಿ ಹೇಳಬೇಕಾಯಿತು. ಸಿಂತಿಯಾಬಾಯಿ ಮೊದಲು ನಕ್ಕರು. ಕಾಲು ಸವರಿಕೊಳ್ಳುತ್ತ ನಕ್ಕು ನಕ್ಕು, ಆಮೇಲೆ ಬೆರಳು ಮಡಚಿ ತಿಂಗಳು ಎಣಿಸಿದರು. ದ್ರಾಕ್ಷಿಯ ಸೀಸನ್ನು ಮುಗಿದಿತ್ತು. ಹೊಸ ದ್ರಾಕ್ಷಿ ಬರುವುದು ಮದುವೆ ಆದ ಮೇಲೆ.

"ನಮ್ಮ ಮನೆಯ ಮದುವೆಗೆ ಇಷ್ಟು ದಿವಸ ಅಂಗಡಿ ಬಾಟ್ಲಿ ಬಂದದ್ದಿಲ್ಲ. ಈಗ ಬರ್ಲಿ. ಏನು ಮಾಡುವುದು" ಅಂದರು. ಕಿಟಕಿಯ ಕಡೆ ನೋಡಿಕೊಂಡು ಅಂದರು.

ವಾಪಸ್ ಬಂದು ಠಾಕುರ್ಲಿಯಲ್ಲಿ ಇಳಿದೆವು. ಸ್ಟೇಷನ್ನಿನ ಬ್ರಿಜ್ಜಿನ ಮೆಟ್ಟಿಲು ಹತ್ತುವಾಗ ಅವ್ವ ನಡುವೆ ನಿಂತಳು. ಸುಸ್ತಾಯಿತೇನೋ ಅಂದುಕೊಂಡೆ. "ಮಲ್ಲ್ಯಾ, ಅದಕ್ಕ ದ್ರಾಕ್ಷಿನ ಆಗಬೇಕೇನ?" ಅಂತ ಕೇಳಿದಳು.

ಸಕ್ಕರೆ ಇರುವ ಯಾವ ಹಣ್ಣಾದರೂ ನಡೆಯುತ್ತದೆ ಅಂದೆ. ಮಾವು ಅಂದಳು. ದುಬಾರಿ ಅಂದೆ. ಕಲಿಂಗಡಿ ಅಂದಳು. ನೀರು ಅಂದೆ. ಹೀಗೆ ವಾರಗಟ್ಟಲೆ ಹಣ್ಣಿನ ಮಾತು ನಡೆಯಿತು. ಜೂನಿನಲ್ಲಿ ಮಳೆ ಶುರುವಾದ ಮೊದಲ ವಾರ ಅಂಬರನಾಥದ ಪ್ಲಾಟ್‌ಫಾರ್ಮಿನಲ್ಲಿ ಬದಲಾಪುರದ ನೇರಳೆಯ ಬುಟ್ಟಿಗಳು ಸಾಲಾಗಿ ಕೂತದ್ದನ್ನು ಕಂಡೆ. ಒಂದು ಹಣ್ಣು ಬಾಯಿಗೆ ಹಾಕಿಕೊಂಡಾಗ ನಾಲಿಗೆಗೆ ಹತ್ತಿದ ಆ ಒಗರು, ಬೆರಳಿಗೆ ಹತ್ತಿದ ಆ ಬಣ್ಣ! ನಾವು ಲ್ಯಾಬಿನಲ್ಲಿ ಎಷ್ಟು ಬೆರೆಸಿದರೂ ಅಂಥ ನೇರಳೆ ಬರುತ್ತಿರಲಿಲ್ಲ. ಸಿಂತಿಯಾಬಾಯಿಗೆ ಫೋನು ಮಾಡಿದರೆ, ನೇರಳೆದಾ, ಮದುವೆಗಾ ಅಂತ ರಾಗ ಎಳೆದರು. ಆಮೇಲೆ, ಮಾಡು, ಬರಣಿ ನಿನ್ನ ಹತ್ರವೇ ಉಂಟಲ್ಲ ಅಂದರು.

ಭಾನುವಾರ ಅವ್ವನೂ ಬಂದಳು. ಅವಳ ಮರಾಠಿ ವಿಜಾಪುರದ ಮರಾಠಿ, ಆ ಹೆಂಗಸರದು ಕಾಡಿನ ಕಡೆಯ ಮರಾಠಿ, ಆದರೂ ಚೌಕಾಸಿಗೆ ಯಾವ ತೊಂದರೆಯೂ ಆಗಲಿಲ್ಲ. ಹಣ್ಣು ಮುಟ್ಟಿ ನೋಡಿ, ಬಿರಿದದ್ದನ್ನು ಪಕ್ಕಕ್ಕಿಟ್ಟು, ಬುಟ್ಟಿಯ ತಳದ್ದನ್ನೇ ಮೇಲೆ ತೆಗೆಸಿ, ಮಾರುವವಳಿಂದ ಬೈಸಿಕೊಂಡು, ಕೊನೆಗೆ ಅವಳ ಕೈಯಿಂದಲೇ ಒಂದು ಹಿಡಿ ಮೇಲೆ ಹಾಕಿಸಿಕೊಂಡಳು. ಮನೆಗೆ ತಂದು ಬೀಜ ಬಿಡಿಸಲು ಕೂತೆವು. ಬೀಜ ಒಡೆಯಬಾರದು, ಒಡೆದರೆ ಕಹಿ. ಆದ್ದರಿಂದ ಬೆರಳಲ್ಲೇ ಹಿಚುಕಬೇಕು. ಅಪ್ಪನೂ ಕೂತ. ಮೂವರ ಕೈಯೂ ಮೊಣಕೈ ತನಕ ನೇರಳೆ. ಒಣದ್ರಾಕ್ಷಿ ಹಾಕಬೇಕಾದ ಹೊತ್ತು ಬಂದಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಹಾಕಲಿಲ್ಲ. ಅವ್ವನ ಕೈಯ ಬಣ್ಣ ಒಂದು ವಾರ ಹೋಗಲಿಲ್ಲ. ಪಕ್ಕದ ಖೋಲಿಯ ಮರಾಠಿ ಮಾವಶಿ ಕೇಳಿದರೆ, ಊರ ಕಡೆಯ ನೇರಳೆ ಉಪ್ಪಿನಕಾಯಿ ಅಂದಳು. ಮಾವಶಿ ನನಗೂ ಒಂದು ಬಟ್ಟಲು ಬೇಕು ಅಂತ ಹೇಳಿಟ್ಟಳು.

ಈ ಸಲ ಎರಡನೇ ದಿನವೇ ಬರಣಿ ಉಸಿರಾಡತೊಡಗಿತು. ಮೇಲೆ ನೊರೆ, ಒಳಗೆ ಸಣ್ಣ ಮಳೆ ಬಿದ್ದಂಥ ಸದ್ದು. ಮೊದಮೊದಲು ದಿನಾ ತಿರುಗಿಸಿ, ಕುದಿತ ಇಳಿದ ಮೇಲೆ ಸೋಸಿ, ಬಾಯಿಗೆ ಮರದ ಬಿರಡೆ ಕೂರಿಸಿ ಸುತ್ತ ಹಿಟ್ಟು ಮೆತ್ತಿದೆ. ಬಿರಡೆಯ ತೂತಿನಿಂದ ಮೆಡಿಕಲ್ಲಿನ ಸಲೈನ್ ನಳಿಗೆ ಎಳೆದು ಅದರ ತುದಿಯನ್ನು ನೀರಿನ ಬಾಟಲಿಯಲ್ಲಿ ಮುಳುಗಿಸಿದೆ. ಒಳಗಿನ ಗಾಳಿ ಹೊರಗೆ ಬರಬೇಕು, ಹೊರಗಿನದು ಒಳಗೆ ಹೋಗಬಾರದು. ಬಾಟಲಿಯಲ್ಲಿ ಗುಳುಕ್ ಗುಳುಕ್ ಅಂತ ಗುಳ್ಳೆ. ಅವ್ವ ಮೊದಲು ಹೆದರಿದಳು. ಆಮೇಲೆ ನಾನು ಕೆಲಸದಿಂದ ಬಂದ ಕೂಡಲೇ ವರದಿ ಒಪ್ಪಿಸತೊಡಗಿದಳು. ಇವತ್ತು ಭಾಳ ಮಾತಾಡ್ತು. ಇವತ್ತು ಯಾಕೋ ಸಿಟ್ಟು ಮಾಡಿಕೊಂಡು ಕೂತೈತಿ. ಪರದೆ ಯಾವಾಗ ಹೋಯಿತೋ ನನಗೆ ಗೊತ್ತಾಗಲಿಲ್ಲ, ಗಾಳಿ ಆಡಲಿ ಅಂತ ಅವಳೇ ತೆಗೆದಿದ್ದಳು. ವೈನು ಅಂತ ಮಾತ್ರ ಅನ್ನುತ್ತಿರಲಿಲ್ಲ. ಅವಳ ಬಾಯಲ್ಲಿ ಅದು ನೇರಲ ನೀರು.

ಜುಲೈಯಲ್ಲಿ ಒಂದು ದಿನ ಬೆಳಿಗ್ಗೆಯಿಂದ ಸುರಿದ ಮಳೆಗೆ ಲೋಕಲ್ಲು ನಿಂತವು. ನಾನು ಅಂಬರನಾಥದಿಂದ ಹಳಿಯ ಪಕ್ಕ ನಡೆಯುತ್ತ, ಸಿಕ್ಕ ಟೆಂಪೊ ಹತ್ತುತ್ತ, ಮಧ್ಯಾಹ್ನ ಇಳಿಯುವ ಹೊತ್ತಿಗೆ ಠಾಕುರ್ಲಿ ಮುಟ್ಟಿದೆ. ಚಾಳಿನ ನಾಲೆ ತುಂಬಿ ಕೆಳಗಿನ ಸಾಲಿನ ಖೋಲಿಗಳಿಗೆ ಮೊಣಕಾಲುದ್ದ ನೀರು ಬಂದಿತ್ತು. ನಮ್ಮದು ಕೆಳಗಿನ ಸಾಲು. ಒಳಗೆ ನೋಡಿದರೆ ಅವ್ವನೂ ಮಾವಶಿಯೂ ಮಂಚದ ಮೇಲೆ ಕೂತಿದ್ದಾರೆ, ನಡುವೆ ಬರಣಿ. ಇಬ್ಬರೂ ಆಚೀಚೆಯಿಂದ ಅದನ್ನು ಹಿಡಿದುಕೊಂಡಿದ್ದಾರೆ, ನಳಿಗೆ ಮುಳುಗಿಸಿದ ಬಾಟಲಿ ಮಾವಶಿಯ ಮಡಿಲಲ್ಲಿ. ನೆಲದ ಮೇಲಿದ್ದ ಅಕ್ಕಿಯ ಚೀಲ ನೀರಿನಲ್ಲಿ ಉಬ್ಬಿ ಕೂತಿತ್ತು. ಅಕ್ಕಿ ಎತ್ತಲಿಲ್ಲವೇನು ಅಂದೆ.

"ಅಕ್ಕಿ ನಾಳೆ ಅಂಗಡ್ಯಾಗ ಸಿಗತಾವ" ಅಂದಳು ಅವ್ವ. "ನೇರಲ ಹಣ್ಣ ಎಲ್ಲಿಂದ ತರತಿ?"

ಮಾವಶಿ ಮರಾಠಿಯಲ್ಲಿ ಹೇಳಿದಳು, ಇಷ್ಟು ಗುಳುಗುಳು ಅನ್ನುವ ಉಪ್ಪಿನಕಾಯಿಯನ್ನು ತಾನು ಹುಟ್ಟಿದಾಗಿನಿಂದ ನೋಡಿಲ್ಲ ಅಂತ. ಅಪ್ಪ ಬಂದ ಮೇಲೆ ಎಲ್ಲರೂ ಸೇರಿ ನೀರು ತೋಡಿದೆವು. ಅವತ್ತು ರಾತ್ರಿ ಚಾಳಿನ ಮೇಲಿನ ಸಾಲಿನವರ ಮನೆಯಲ್ಲಿ ಎಲ್ಲರಿಗೂ ಖಿಚಡಿ.

ಗಣಪತಿ ಹಬ್ಬದ ಹೊತ್ತಿಗೆ ಗುಳ್ಳೆ ನಿಂತು ತಳದಲ್ಲಿ ಗಸಿ ಕೂತಿತ್ತು. ನಳಿಗೆಯಿಂದ ಮೇಲಿನ ತಿಳಿ ಎಳೆದು, ಬರಣಿ ತೊಳೆದು, ಮತ್ತೆ ಅದರಲ್ಲೇ ಇಟ್ಟೆ. ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡೆ. ಒಗರು, ಖಾರ, ಕೊನೆಗೆ ಸ್ವಲ್ಪ ಸಿಹಿ. ಇದು ಚೆನ್ನಾಗಿದೆಯೋ ಕೆಟ್ಟಿದೆಯೋ ದೇವರಾಣೆಗೂ ಗೊತ್ತಾಗಲಿಲ್ಲ. ಅವ್ವನ ಕಡೆ ಬೆರಳು ಚಾಚಿದೆ, ಎರಡು ಹೆಜ್ಜೆ ಹಿಂದೆ ಸರಿದಳು.

ದೀಪಾವಳಿ ಕಳೆದ ಮೇಲೆ ಒಂದು ಸಣ್ಣ ಬಾಟಲಿಯಲ್ಲಿ ತುಂಬಿಕೊಂಡು ಅವ್ವನೂ ನಾನೂ ಡೊಂಬಿವಿಲಿಗೆ ಹೋದೆವು. ಲವಿನಾಳೂ ಇ​ದ್ದಳು. ಸಿಂತಿಯಾಬಾಯಿ ಈಗ ಕೋಲು ಹಿಡಿದು ನಡೆಯುತ್ತಿದ್ದರು. ಗಾಜಿನ ಲೋಟಕ್ಕೆ ಹಾಕಿಸಿ ಬೆಳಕಿಗೆ ಹಿಡಿದರು. ಮೂಸಿದರು. ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

"ಸ್ವಲ್ಪ ಒಗರುಂಟು" ಅಂದರು ಸಿಂತಿಯಾಬಾಯಿ, ಕಣ್ಣು ಬಿಡದೆ. ಆಮೇಲೆ ಇನ್ನೊಂದು ಗುಟುಕು. "ಇರ್ಲಿ. ಅಳಿಯನಿಗೆ ಮೊದಲ ದಿವಸದಿಂದ್ಲೇ ಅಭ್ಯಾಸ ಆಗ್ಬೇಕಲ್ಲ."

ಲವಿನಾ ಅಮ್ಮನ ಭುಜಕ್ಕೆ ಹೊಡೆದಳು. ಅವ್ವ ನನ್ನನ್ನು ಕೇಳಿದಳು, ಅವರು ಹೌದು ಅಂದರೋ ಇಲ್ಲ ಅಂದರೋ ಅಂತ. ಹೌದು ಅಂದರು ಅಂದೆ. ಅವ್ವ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತಳು. ಆ ಮನೆಯಲ್ಲಿ ಅವಳು ಒರಗಿ ಕೂತದ್ದು ಅದೇ ಮೊದಲು.

ಮದುವೆ ಠಾಣೆಯ ಒಂದು ಹಾಲಿನಲ್ಲಿ. ನಮ್ಮ ಬರಣಿಯದು ಇಡೀ ಹಾಲಿಗೆ ಸಾಲುವಂತಿರಲಿಲ್ಲ. ವೇದಿಕೆಗೆ, ಮುಂದಿನ ಸಾಲಿನ ಹಿರಿಯರಿಗೆ ಅದು, ಉಳಿದವರಿಗೆ ಅಂಗಡಿಯದು ಅಂತ ಏರ್ಪಾಡಾಗಿತ್ತು. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ, ಎರಡು ಬಾಟಲಿಗಳನ್ನು ಕಾರಿನಿಂದ ಒಳಗೆ ಒಯ್ಯುವಾಗ ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲ. ವಿನ್ಸೆಂಟನ ದೊಡ್ಡಪ್ಪ ಮೈಕು ಹಿಡಿದು ಕೊಂಕಣಿಯಲ್ಲಿ ಮಾತಾಡಿ ಎಲ್ಲರನ್ನೂ ನಗಿಸಿದರು. ಆಮೇಲೆ ಎಲ್ಲರೂ ಎದ್ದು ನಿಂತರು. ಹಾಲಿನ ದೀಪದ ಕೆಳಗೆ ಮುಂದಿನ ಸಾಲಿನ ಗ್ಲಾಸುಗಳೆಲ್ಲ ನೇರಳೆ, ಹಿಂದಿನವೆಲ್ಲ ಕೆಂಪು. ಲವಿನಾ ಕುಡಿದಳು, ಅಳಿಯ ಕುಡಿದು ಮುಖ ಕಿವಿಚಿ ನಕ್ಕ. ಸಿಂತಿಯಾಬಾಯಿ ಕೋಲನ್ನು ಕುರ್ಚಿಗೆ ಆನಿಸಿ, ಏನೂ ಹಿಡಿಯದೆ ನಿಂತು ಗ್ಲಾಸು ಎತ್ತಿದರು.

ಆ ಮೇಲೆ ನನ್ನ ಹೆಸರು ಕೂಗಿದರು. ನನಗೆ ಮುಂಚೆ ತಿಳಿಸಿರಲಿಲ್ಲ. ಲವಿನಾ ತನ್ನ ಶಾಲೆಯಲ್ಲಿ ಕ್ರೀಡಾದಿನಕ್ಕೆ ಕೊಡುವ, ಅಂಚಿಗೆ ಬಂಗಾರದ ಬಳ್ಳಿ ಇರುವ ದಪ್ಪ ಕಾಗದದ ಮೇಲೆ ಅಚ್ಚು ಹಾಕಿಸಿ ತಂದಿದ್ದಳು. ಮಲ್ಲಿಕಾರ್ಜುನ ಎಂಬವರು ನೇರಳೆ ಹಣ್ಣಿನ ವೈನಿನಲ್ಲಿ ಮೊದಲ ದರ್ಜೆಯಲ್ಲಿ ಉತ್ತೀರ್ಣರಾಗಿದ್ದಾರೆ, ಕೆಳಗೆ ಪರೀಕ್ಷಕರು ಸಿಂತಿಯಾಬಾಯಿ ಅಂತ ಸಹಿ. ನನ್ನ ಡಿಗ್ರಿ ಸರ್ಟಿಫಿಕೇಟನ್ನು ನಾನು ಕಿಟಕಿಯಲ್ಲಿ ಕೈ ಹಾಕಿ ಇಸಕೊಂಡವನು, ಹಿಂದೆ ನಿಂತವನು ಬೇಗ ಸರಿ ಅಂತ ನೂಕಿದ್ದ. ಇಲ್ಲಿ ಮದುಮಗಳು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು, ಹಾಲು ತುಂಬ ಜನ ಚಪ್ಪಾಳೆ ತಟ್ಟಿದರು. ವಿನ್ಸೆಂಟ್ ಶಿಳ್ಳೆ ಹಾಕಿದ. ಸೆಕೆಂಡ್ ಕ್ಲಾಸಿನವನಿಗೆ ಕೊನೆಗೂ ಫಸ್ಟ್ ಕ್ಲಾಸು ಸಿಕ್ಕಿತು ಅಂತ ನಾನು ಮೈಕಿನಲ್ಲಿ ಹೇಳಬೇಕು ಅಂದುಕೊಂಡೆ, ಅಷ್ಟರಲ್ಲಿ ಮೈಕು ಬೇರೆಯವರ ಕೈಗೆ ಹೋಗಿತ್ತು.

ಕೆಳಗಿಳಿದು ಬರುವಾಗ ಗಂಡಿನ ಕಡೆಯ ವಯಸ್ಸಾದ ಹೆಂಗಸೊಬ್ಬರು ಅವ್ವನ ಪಕ್ಕ ಕೂತು ಮಾತಾಡುತ್ತಿದ್ದರು. ಅವರ ಕೈಯಲ್ಲಿ ಖಾಲಿ ಗ್ಲಾಸು. ಇದು ಭಾರೀ ಲಾಯ್ಕ ಆಗಿದೆ, ಮಾಡಿದ್ದು ನಿಮ್ಮ ಮಗನಂತೆ ಹೌದಾ ಅಂತ ಕೇಳುತ್ತಿದ್ದರು. ನಾನು ಸರ್ಟಿಫಿಕೇಟು ಹಿಡಿದುಕೊಂಡು ಎದುರಿಗೇ ನಿಂತೆ. ಅವ್ವ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಇಳಕಲ್ಲ ಸೀರೆಯ ಸೆರಗು ಸರಿ ಮಾಡಿಕೊಂಡಳು.

"ವೈನ್ ನಾನ ಮಾಡೀನ್ರಿ" ಅಂದಳು. "ಇಂವ ನಡುನಡುವ ಕೈ ಹಚ್ಚ್ಯಾನ."